ಕಪಿಲೆ ನೀರು, ಅಸ್ಸಾದಿ ಮೇಷ್ಟ್ರ ಲೆಕ್ಕ



ಪ್ರೊ. ಮುಜಾಫರ್ ಅಸ್ಸಾದಿ ತೀರಿಕೊಂಡಿದ್ದು 2025ರ ಜನವರಿ 4ರಂದು. ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಮೇಷ್ಟ್ರು, ಪ್ರಭಾರ ಕುಲಪತಿ ಆಗಿದ್ದೋರು, ಸಂವಿಧಾನದ ಪರ ವೇದಿಕೆ ಮೇಲೆ ಮಾತಾಡ್ತಿದ್ದೋರು. ಇಷ್ಟು ಎಲ್ಲರಿಗೂ ಗೊತ್ತು. ನಂಜನಗೂಡು, ಟಿ. ನರಸೀಪುರದ ನಮಗೆ ಅವರು ಬಿಟ್ಟುಹೋದ ಒಂದು ಲೆಕ್ಕ ಇದೆ. ಅದರ ಬಗ್ಗೆ ಈ ಪೋಸ್ಟ್.

ಅವರು ಉಡುಪಿ ಕಡೆಯ ಶಿರ್ವದವರು. ದೆಹಲಿಯ ಜೆಎನ್‌ಯುನಲ್ಲಿ ಸಂಶೋಧನೆ ಮಾಡಿದವರು. ಕರ್ನಾಟಕದ ರೈತ ಚಳವಳಿ ಮೇಲೆ ಪುಸ್ತಕ ಬರೆದರು. ಚಳವಳಿಯನ್ನ ಬರೀ ಹೊಗಳಲಿಲ್ಲ. 'ರೈತ' ಅನ್ನೋ ಮಾತಿನೊಳಗಿನ ಗೊಂದಲಗಳನ್ನೂ ಎತ್ತಿ ತೋರಿಸಿದರು. ಕೂಲಿ ಮಾಡೋ ನಮ್ಮ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಭೂಮಿ ಇರೋನೂ ರೈತ, ಅವನ ಗದ್ದೆಲಿ ನಾಟಿ ಹಾಕೋಳೂ ರೈತಳೇ ಅಂದ್ರೆ ಲಾಭ ಯಾರ ಮನೆಗೆ ಹೋಯ್ತು ಅಂತ ಕೇಳಬೇಕಲ್ವಾ?

ಈಗ ಲೆಕ್ಕಕ್ಕೆ ಬರ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಗರಹೊಳೆ ಕಾಡಿಂದ ಜೇನುಕುರುಬರು, ಬೆಟ್ಟಕುರುಬರು, ಯರವರನ್ನ ಹೊರಗೆ ಹಾಕುತ್ತಾ ಬಂದರು. ಎಷ್ಟೋ ಜನ ಕೊಡಗಿನ ಕಾಫಿ ತೋಟದ ಲೈನ್ ಮನೆ ಸೇರಿದರು. ಆದಿವಾಸಿ ಸಂಘಟನೆಗಳು ಹೈಕೋರ್ಟಿಗೆ ಹೋದವು. ಕೋರ್ಟು ಅಸ್ಸಾದಿಯವರ ನೇತೃತ್ವದಲ್ಲಿ ಸಮಿತಿ ಮಾಡಿತು. 2014ರಲ್ಲಿ ಸಲ್ಲಿಕೆಯಾದ ಆ ವರದಿ, ಕಾಡಿಂದ ಹೊರಬಿದ್ದು ಪುನರ್ವಸತಿ ಸಿಗದ 3,418 ಕುಟುಂಬಗಳನ್ನ ಗುರುತಿಸಿತು.

ನಾನು ಕಚೇರಿಯಲ್ಲಿ ಗುಮಾಸ್ತ. ಈ ಸಂಖ್ಯೆಯ ಬೆಲೆ ನನಗೆ ಗೊತ್ತು. ಸರ್ಕಾರದ ಕಣ್ಣಿಗೆ ಹೆಸರು ಪಟ್ಟಿಲಿ ಇಲ್ಲ ಅಂದ್ರೆ ಮನುಷ್ಯನೇ ಇಲ್ಲ. 'ಅಲ್ಲಿ ಯಾರೂ ಇರಲಿಲ್ಲ' ಅಂತ ಒಂದು ಸಾಲು ಟಿಪ್ಪಣಿ ಬರೆದರೆ ಫೈಲು ಮುಚ್ಚಿಹೋಗುತ್ತೆ. 3,418 ಅಂತ ಕೋರ್ಟಿನ ದಾಖಲೆಯಲ್ಲಿ ಕೂತ ಮೇಲೆ ಹಾಗೆ ಮುಚ್ಚೋಕಾಗಲ್ಲ. ಪ್ರಭುತ್ವ ಅಂದ್ರೇನು, ಪೌರತ್ವ ಅಂದ್ರೇನು ಅಂತ ತರಗತಿಯಲ್ಲಿ ಹೇಳೋ ಮೇಷ್ಟ್ರು ಅದೇ ಪಾಠವನ್ನ ಸರ್ಕಾರದ ಟೇಬಲ್ ಮೇಲೆ ಇಟ್ಟರು.

ಇದು ಎಚ್.ಡಿ. ಕೋಟೆ, ಹುಣಸೂರಿನವರ ಕಷ್ಟ, ನಮಗೇನು ಅನ್ನಬೇಡಿ. ನಂಜನಗೂಡಿನ ಸೋಪಾನಕಟ್ಟೆ ಮುಟ್ಟಿಕೊಂಡು ಹರಿಯೋ ಕಪಿಲೆ ಅಲ್ಲಿಂದಲೇ ಬರೋದು. ಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಹಿನ್ನೀರಲ್ಲಿ ಕಾಡು ಮುಳುಗಿತು, ಊರು ಮುಳುಗಿದವು, ಆದಿವಾಸಿಗಳೂ ಜಾಗ ಬಿಟ್ಟರು. ಆ ನೀರು ನಾಲೆ ಹಿಡಿದು ನಮ್ಮ ಎರಡೂ ತಾಲ್ಲೂಕಿನ ಭತ್ತಕ್ಕೆ ಬಂತು, ಹೊಳೆ ಹಿಡಿದು ತಿರುಮಕೂಡಲಿನಲ್ಲಿ ಕಾವೇರಿ ಸೇರಿತು. ಅಣೆಕಟ್ಟಿನ ಕಥೆ ಬೇರೆ, ಅಭಯಾರಣ್ಯದ ಕಥೆ ಬೇರೆ, ಒಪ್ಪುತ್ತೀನಿ. ಎರಡರಲ್ಲೂ ಕಾಡಿನ ಜನ ಕಳಕೊಂಡರು. ನಾಲೆ ಬಯಲಿನ ನಮ್ಮೋರಿಗೂ ಗದ್ದೆ ಸಿಗಲಿಲ್ಲ, ಕೂಲಿ ಸಿಕ್ತು.

ಓಟಿನ ಲೆಕ್ಕ ನೋಡಿ. ನಂಜನಗೂಡು, ಟಿ. ನರಸೀಪುರ ಪರಿಶಿಷ್ಟ ಜಾತಿಗೆ ಮೀಸಲು. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೂರೂ ಸೇರೋದು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ, ಅದೂ ನಮಗೇ ಮೀಸಲು. ಹಾಡಿಯ ಜೇನುಕುರುಬನಿಗೂ ನಮ್ಮ ಕೇರಿಯವರಿಗೂ ಒಬ್ಬರೇ ಎಂಪಿ. ಬಾಬಾಸಾಹೇಬರು ಕೊಡಿಸಿದ ಈ ಸೀಟುಗಳಿಂದ ಹಾಡಿಗೆ ಏನು ಹೋಯ್ತು ಅಂತ ನಾವು ಕೇಳದೆ ಇನ್ಯಾರು ಕೇಳ್ತಾರೆ?

ವರದಿ ಪೂರ್ತಿ ಜಾರಿಯಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇದ್ದರೂ ಅರ್ಜಿಗಳು ಅಲೆಯುತ್ತಿವೆ. ಮೇಷ್ಟ್ರು ಹೋದ ನಾಲ್ಕೇ ತಿಂಗಳಿಗೆ, 2025ರ ಮೇನಲ್ಲಿ, ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿಗೆ ವಾಪಸ್ ಬಂದು ಇದು ನಮ್ಮ ಹಾಡಿ ಅಂತ ಗುಡಿಸಲು ಹಾಕಿದರು. ಅರಣ್ಯ ಇಲಾಖೆ ಎಬ್ಬಿಸೋಕೆ ಬಂತು.

ಏಪ್ರಿಲ್ 14ಕ್ಕೆ ಹಾರ ಹಾಕೋಕೆ ನಮ್ಮ ಶಾಸಕರು, ಎಂಪಿ ವೇದಿಕೆಗೆ ಬರ್ತಾರೆ. ಮೈಕ್ ನಮ್ಮ ಕೈಲಿರುತ್ತೆ. 3,418ರಲ್ಲಿ ಎಷ್ಟು ಕುಟುಂಬಕ್ಕೆ ಭೂಮಿ ಕೊಟ್ರಿ ಅಂತ ಕೇಳೋಣ. ಉತ್ತರ ಬರೋವರೆಗೂ ಕೇಳೋಣ.

ಜೈಭೀಮ್.