ಮ್ಯಾಂಗನೀಸ್ ಉಕ್ಕಿನ ಎರಕ: ತಣಿಯುವ ಎರಡು ಹಂತಗಳು

ಸಾರಾಂಶ: ಎರಕದ ಉಕ್ಕಿನ ಒಳರಚನೆಯನ್ನು ತಣಿಯುವ ವೇಗ ಎರಡು ಸಲ ನಿರ್ಧರಿಸುತ್ತದೆ: ದ್ರವ ಗಟ್ಟಿಯಾಗುವಾಗ ಒಮ್ಮೆ, ಗಟ್ಟಿಯಾದ ಮೇಲೆ ಇನ್ನೊಮ್ಮೆ. ಹ್ಯಾಡ್‌ಫೀಲ್ಡ್ ಉಕ್ಕಿನಲ್ಲಿ ಎರಡನೆಯ ಹಂತದ ದೋಷವನ್ನು ವಾಡಿಕೆಯ ಉಷ್ಣೋಪಚಾರ ತಿದ್ದಬಲ್ಲದು. ಮೊದಲನೆಯದರಲ್ಲಿ ಮೂಡಿದ ಕಣರಚನೆಯನ್ನು ತಿದ್ದಲಾರದು ಎಂಬುದು ಇಲ್ಲಿನ ವಾದ.

ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಕೊಂಡ ಈ ಉಕ್ಕಿನಲ್ಲಿ ಸುಮಾರು ಶೇ. 1.2 ಇಂಗಾಲ, ಶೇ. 12–13 ಮ್ಯಾಂಗನೀಸ್ ಇರುತ್ತವೆ. ಜಲ್ಲಿ ಕ್ರಷರ್‌ಗಳ ದವಡೆ ಫಲಕಗಳನ್ನೂ ರೈಲು ಹಳಿಯ ಕ್ರಾಸಿಂಗ್‌ಗಳನ್ನೂ ಇದರಿಂದ ಎರಕ ಹೊಯ್ಯುತ್ತಾರೆ. ಪೆಟ್ಟು ಬಿದ್ದಷ್ಟೂ ಇದರ ಮೇಲ್ಮೈ ಗಡಸಾಗುತ್ತದೆ. ಆ ಗುಣ ದಕ್ಕಬೇಕಾದರೆ ಒಳಗೆಲ್ಲ ಆಸ್ಟೆನೈಟ್ ಉಳಿದಿರಬೇಕು.

ಮರಳಿನ ಅಚ್ಚಿನಲ್ಲಿ ನಿಧಾನವಾಗಿ ತಣಿದಾಗ ಇಂಗಾಲ ಕಾರ್ಬೈಡ್ ಆಗಿ ಬೇರ್ಪಟ್ಟು, ಕಣಗಳ ಗಡಿಯುದ್ದಕ್ಕೂ ಹಬ್ಬುತ್ತದೆ, ಉಕ್ಕು ಪೆಡಸಾಗುತ್ತದೆ. ಆದ್ದರಿಂದ ಎರಕವನ್ನು 1050 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಕಾರ್ಬೈಡ್ ಕರಗಿದ ಮೇಲೆ ತಡಮಾಡದೆ ನೀರಿಗಿಳಿಸುತ್ತಾರೆ. ಈ ಉಪಚಾರಕ್ಕೂ ಮಿತಿಯಿದೆ. ಈ ಉಕ್ಕಿನಲ್ಲಿ ಶಾಖ ಹರಿಯುವುದು ನಿಧಾನ. ದಪ್ಪ ಎರಕದ ನಡುಭಾಗ ನೀರಿನಲ್ಲಿದ್ದೂ ತಡವಾಗಿ ತಣಿಯುವುದರಿಂದ ಅಲ್ಲಿ ಕಾರ್ಬೈಡ್ ಮತ್ತೆ ತಲೆಯೆತ್ತುತ್ತದೆ.

ಘನೀಭವನದ ಹಂತ ಇದಕ್ಕಿಂತ ಹಿಂದಿನದು. ದ್ರವದಲ್ಲಿ ಹರಳುಗಳು ಕೊಂಬೆ ಚಾಚಿ ಡೆಂಡ್ರೈಟ್‌ಗಳಾಗಿ ಬೆಳೆಯುತ್ತವೆ. ಕಿರುಗೊಂಬೆಗಳ ನಡುವಣ ಅಂತರ, ಆ ಜಾಗ ಗಟ್ಟಿಯಾಗಲು ಹಿಡಿದ ಸಮಯದ ಘನಮೂಲಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆ: ಸಮಯ ಎಂಟು ಪಟ್ಟಾದರೆ ಅಂತರ ಇಮ್ಮಡಿ. ಕೊನೆಗೆ ಗಟ್ಟಿಯಾಗುವ ಸಂದುಗಳಲ್ಲಿ ಇಂಗಾಲ, ಮ್ಯಾಂಗನೀಸ್, ರಂಜಕ ಸಾಂದ್ರವಾಗುತ್ತವೆ. ಅಂತರ ಹೆಚ್ಚಿದಷ್ಟೂ ಅವನ್ನು ಸಮಗೊಳಿಸಲು ಕುಲುಮೆಯಲ್ಲಿ ಹೆಚ್ಚು ಹೊತ್ತು ಬೇಕು. ಹೊಯ್ದ ಲೋಹ ಅತಿಯಾಗಿ ಕಾದಿದ್ದರೆ ಕಣಗಳೂ ದೊಡ್ಡವಾಗಿ, ಅಚ್ಚಿನ ಗೋಡೆಯಿಂದ ಒಳಮುಖವಾಗಿ ಸ್ತಂಭಾಕಾರದಲ್ಲಿ ಬೆಳೆಯುತ್ತವೆ.

ಸಾಧಾರಣ ಇಂಗಾಲದ ಉಕ್ಕಿಗೆ ಇದರಿಂದ ಪಾರಾಗುವ ದಾರಿಯಿದೆ. ಅದನ್ನು 900 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ಫೆರೈಟ್, ಪರ್ಲೈಟ್‌ಗಳು ಆಸ್ಟೆನೈಟ್ ಆಗುತ್ತವೆ. ತಣಿಯುವಾಗ ಆಸ್ಟೆನೈಟ್ ಮತ್ತೆ ಅವೇ ಆಗುತ್ತದೆ. ಪ್ರತಿ ಪರಿವರ್ತನೆಯಲ್ಲೂ ಹೊಸ, ಸಣ್ಣ ಕಣಗಳು ಹುಟ್ಟುತ್ತವೆ. ಹ್ಯಾಡ್‌ಫೀಲ್ಡ್ ಉಕ್ಕಾದರೋ ಕಾಯಿಸಿದರೂ ನೀರಿಗದ್ದಿದರೂ ಬಹುಪಾಲು ಆಸ್ಟೆನೈಟ್ ಆಗಿಯೇ ಇರುತ್ತದೆ. ಪರಿವರ್ತನೆಯೇ ಇಲ್ಲದಿರುವಲ್ಲಿ ಅಚ್ಚು ಕೊಟ್ಟ ಕಣದ ಗಾತ್ರ ಹಾಗೆಯೇ ನಿಲ್ಲುತ್ತದೆ.

ಮುರಿದ ಎರಕವನ್ನು ಪರೀಕ್ಷಿಸುವಾಗ ಈ ಭೇದ ಉಪಯುಕ್ತ. ಕಣಗಡಿಗಳಲ್ಲಿ ಕಾರ್ಬೈಡ್ ಜಾಲ ಕಂಡರೆ ಮೊದಲು ನೋಡಬೇಕಾದದ್ದು ಕುಲುಮೆಯ ತಾಪ, ನೀರಿನ ತೊಟ್ಟಿ ಮತ್ತು ಎರಕದ ದಪ್ಪ. ಗಡಿಗಳು ಶುಚಿಯಾಗಿದ್ದು ಕಣಗಳು ಮಾತ್ರ ದೊಡ್ಡವಾಗಿದ್ದರೆ ಮತ್ತೊಮ್ಮೆ ಕಾಯಿಸಿ ಫಲವಿಲ್ಲ. ಮುಂದಿನ ಎರಕಕ್ಕೆ ಹೊಯ್ಯುವ ತಾಪವನ್ನು ಇಳಿಸಬೇಕು.