ಕೆಟ್ಟುಹೋದ ಮಾಂಸದ ಡಬ್ಬಿ ಹೇಳಿದ ಪಾಠ

ಎರಡನೇ ಮಹಾಯುದ್ಧದ ನಂತರದ ವರ್ಷಗಳು. ಅಣುಶಕ್ತಿಯನ್ನು ಶಾಂತಿಯುತ ಕೆಲಸಗಳಿಗೆ ಬಳಸುವ ಉತ್ಸಾಹ ಅಮೆರಿಕದಲ್ಲಿ ತುಂಬಿತ್ತು. ವಿಕಿರಣ ಹಾಯಿಸಿ ಆಹಾರ ಕೆಡದಂತೆ ಕಾಪಾಡುವ ಯತ್ನವೂ ಅದರಲ್ಲೊಂದು. ಆರೆಗಾನ್ ರಾಜ್ಯದ ಕೊರ್ವಾಲಿಸ್‌ನ ಕೃಷಿ ಪ್ರಯೋಗ ಕೇಂದ್ರದಲ್ಲಿ ಆರ್ಥರ್ ಆಂಡರ್ಸನ್ ಮತ್ತು ಸಂಗಡಿಗರು ಡಬ್ಬಿಯಲ್ಲಿಟ್ಟ ಮಾಂಸಕ್ಕೆ ಗಾಮಾ ಕಿರಣ ಹಾಯಿಸಿದರು. ಯಾವ ಜೀವಿಯೂ ಉಳಿಯಲಾರದೆಂದು ನಂಬಿದ್ದ ಪ್ರಮಾಣ ಅದು. ಆದರೂ ಮಾಂಸ ಕೆಟ್ಟಿತು. ಅದರಲ್ಲಿ ಕೆಂಬಣ್ಣದ ಬ್ಯಾಕ್ಟೀರಿಯವೊಂದು ಬೆಳೆದಿತ್ತು. 1956ರಲ್ಲಿ ಲೋಕಕ್ಕೆ ಪರಿಚಯವಾದ ಈ ಜೀವಿಯ ಇಂದಿನ ಹೆಸರು ಡೈನೋಕಾಕಸ್ ರೇಡಿಯೋಡ್ಯೂರಾನ್ಸ್.

ಮನುಷ್ಯನ ಜೀವಕ್ಕೆ ಎರವಾಗಲು ಸುಮಾರು 5 ಗ್ರೇ ವಿಕಿರಣ ಸಾಕು. ಈ ಬ್ಯಾಕ್ಟೀರಿಯವಾದರೋ 5,000 ಗ್ರೇ ತಗುಲಿದರೂ ಬದುಕುತ್ತದೆ. ಇದರ ಗುಟ್ಟೇನು?

ವಿಕಿರಣ ಕೊಲ್ಲುವುದು ಡಿಎನ್‌ಎಯನ್ನು ತುಂಡರಿಸುವ ಮೂಲಕ ಎಂಬುದು ಬಹುಕಾಲದ ನಂಬಿಕೆ. ಹಾಗಾಗಿ ಈ ಜೀವಿಯ ಡಿಎನ್‌ಎ ರಿಪೇರಿ ವ್ಯವಸ್ಥೆಯೇ ಅಸಾಧಾರಣವಿರಬೇಕೆಂದು ವಿಜ್ಞಾನಿಗಳು ಊಹಿಸಿದರು. 1999ರಲ್ಲಿ ಅದರ ಇಡೀ ವಂಶವಾಹಿ ಲಿಪಿಯನ್ನು ಓದಿದಾಗ ನಿರಾಸೆ ಕಾದಿತ್ತು. ಅಲ್ಲಿದ್ದ ರಿಪೇರಿ ಕಿಣ್ವಗಳಲ್ಲಿ ಹೆಚ್ಚಿನವು ಸಾಧಾರಣ ಬ್ಯಾಕ್ಟೀರಿಯಗಳಲ್ಲಿ ಇರುವಂಥವೇ.

ಉತ್ತರದ ಎಳೆ ಹಳೆಯದೊಂದು ಸಂಶೋಧನೆಯಲ್ಲಿತ್ತು. ವಿಕಿರಣ ಮತ್ತು ಆಮ್ಲಜನಕ ಎರಡೂ ಜೀವಕೋಶವನ್ನು ಒಂದೇ ದಾರಿಯಲ್ಲಿ ಘಾಸಿಗೊಳಿಸುತ್ತವೆ ಎಂದು ಅರ್ಜೆಂಟೀನಾದ ರೆಬೆಕಾ ಗೆರ್ಷ್‌ಮನ್ 1954ರಲ್ಲೇ ವಾದಿಸಿದ್ದರು. ವಿಕಿರಣ ನೀರಿನ ಅಣುಗಳನ್ನು ಒಡೆಯುತ್ತದೆ. ಆಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳಂಥ ಉಗ್ರ ಪದಾರ್ಥಗಳು ಹುಟ್ಟುತ್ತವೆ. ಉಸಿರಾಟದಲ್ಲೂ ಇವು ಸ್ವಲ್ಪ ಸ್ವಲ್ಪವೇ ಹುಟ್ಟುತ್ತಿರುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಪ್ರೋಟೀನುಗಳು ಇವುಗಳಿಂದ ಕೆಡುತ್ತವೆ.

ಇದಕ್ಕೆ ಬ್ಯಾಕ್ಟೀರಿಯಗಳಲ್ಲಿ ಹಲವು ರಕ್ಷಣೆಗಳಿವೆ. ಮೊದಲನೆಯದು ಶತ್ರುವನ್ನೇ ಇಲ್ಲವಾಗಿಸುವುದು. ಸೂಪರ್‌ಆಕ್ಸೈಡನ್ನು ನಿವಾರಿಸುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೋವಿಚ್ ಗುರುತಿಸಿದರು. ಎರಡನೆಯದು ರಿಪೇರಿ. ಪ್ರೋಟೀನಿನಲ್ಲಿ ಕೆಟ್ಟ ಮಿಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಮತ್ತೆ ಸರಿಪಡಿಸುವ ಕಿಣ್ವಗಳಿವೆ. ಮೂರನೆಯದು ಆಸರೆ. ಆಕ್ಸೀಕರಣವಾದಾಗಲೇ ಎಚ್ಚರಗೊಂಡು, ಮಡಿಕೆ ಕಳಚುತ್ತಿರುವ ಇತರ ಪ್ರೋಟೀನುಗಳನ್ನು ಹಿಡಿದುಕೊಳ್ಳುವ ಎಚ್‌ಎಸ್‌ಪಿ33 ಎಂಬ ಪ್ರೋಟೀನನ್ನು ಉರ್ಸುಲಾ ಯಾಕೊಬ್ ಮತ್ತು ಸಂಗಡಿಗರು 1999ರಲ್ಲಿ ವಿವರಿಸಿದರು.

ಇನ್ನೊಂದು ಉಪಾಯ ಮ್ಯಾಂಗನೀಸ್ ಲೋಹದ್ದು. ಹುದುಗಿಸಿದ ತರಕಾರಿಗಳಲ್ಲಿ ಸಿಗುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನಲ್ಲಿ ಸೂಪರ್‌ಆಕ್ಸೈಡ್ ನಿವಾರಕ ಕಿಣ್ವವಿಲ್ಲ. ಆ ಕೆಲಸವನ್ನು ಅದು ತುಂಬಿಟ್ಟುಕೊಂಡ ಮ್ಯಾಂಗನೀಸಿನಿಂದಲೇ ಮಾಡಿಸಿಕೊಳ್ಳುತ್ತದೆ. ಡೈನೋಕಾಕಸ್‌ನದೂ ಇದೇ ಬಗೆ ಎಂದು ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ಮೈಕೆಲ್ ಡೇಲಿ ಅವರ ತಂಡ 2004ರಲ್ಲಿ ತೋರಿಸಿತು. ಅದರಲ್ಲಿ ಮ್ಯಾಂಗನೀಸ್ ಹೇರಳ, ಕಬ್ಬಿಣ ಕಡಿಮೆ. ಪೆರಾಕ್ಸೈಡಿನ ಜೊತೆ ಸೇರಿದ ಕಬ್ಬಿಣ ಇನ್ನೂ ಉಗ್ರವಾದ ಪದಾರ್ಥ ಹುಟ್ಟಿಸುತ್ತದೆ; ಮ್ಯಾಂಗನೀಸ್ ಹಾಗೆ ಮಾಡದು. 2007ರಲ್ಲಿ ಚಿತ್ರ ಮತ್ತಷ್ಟು ಸ್ಪಷ್ಟವಾಯಿತು. ಒಂದೇ ಪ್ರಮಾಣದ ವಿಕಿರಣಕ್ಕೆ ದುರ್ಬಲ, ಬಲಿಷ್ಠ ಬ್ಯಾಕ್ಟೀರಿಯಗಳೆರಡರ ಡಿಎನ್‌ಎಯೂ ಹೆಚ್ಚುಕಡಿಮೆ ಸಮನಾಗಿಯೇ ತುಂಡಾಗುತ್ತದೆ. ವ್ಯತ್ಯಾಸವಿರುವುದು ಪ್ರೋಟೀನುಗಳಲ್ಲಿ. ಮನೆ ಕುಸಿದರೂ ಗಾರೆ ಕೆಲಸದವರು ಉಳಿದಿದ್ದರೆ ಮತ್ತೆ ಕಟ್ಟಬಹುದಲ್ಲವೆ?

ಈ ತಿಳಿವಳಿಕೆ ಪ್ರಯೋಗಾಲಯಕ್ಕೇ ಸೀಮಿತವಲ್ಲ. ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳೂ ಇದೇ ಉಗ್ರ ಪದಾರ್ಥಗಳನ್ನು ಪ್ರಯೋಗಿಸುತ್ತವೆ. ಅದನ್ನು ತಡೆದುಕೊಳ್ಳಬಲ್ಲ ರೋಗಾಣುವೇ ದೇಹದಲ್ಲಿ ಬೀಡುಬಿಡುತ್ತದೆ. ಇನ್ನೊಂದೆಡೆ, ಡೈನೋಕಾಕಸ್‌ನ ಮ್ಯಾಂಗನೀಸ್ ಮಿಶ್ರಣವನ್ನು ಲಸಿಕೆ ತಯಾರಿಕೆಯಲ್ಲಿ ಬಳಸಬಹುದೆಂದು 2012ರ ಪ್ರಯೋಗಗಳು ತೋರಿಸಿದವು. ವಿಕಿರಣ ರೋಗಾಣುವಿನ ವಂಶವಾಹಿಯನ್ನು ನಾಶಮಾಡಿದರೂ ಅದರ ಪ್ರೋಟೀನುಗಳ ರೂಪ ಕೆಡುವುದಿಲ್ಲ. ಲಸಿಕೆ ಪಡೆದ ದೇಹ ಗುರುತು ಹಿಡಿಯಬೇಕಾದದ್ದು ಆ ರೂಪವನ್ನೇ.