ಕೆಲಸ ಬಿಟ್ಟ ಕೂಡಲೇ ಪಿಎಫ್ ತೆಗೀಬೇಕಾ? ತೆಗೆಯುವ ಮುಂಚೆ ಈ ನಿಯಮಗಳು ಗೊತ್ತಿರಲಿ

ಪೀಣ್ಯದ ಫ್ಯಾಕ್ಟರಿ ಬಿಟ್ಟು ಬೊಮ್ಮಸಂದ್ರಕ್ಕೆ, ಅಲ್ಲಿಂದ ವೈಟ್‌ಫೀಲ್ಡ್‌ಗೆ ಕೆಲಸ ಬದಲಿಸುವವರು ನಮ್ಮಲ್ಲಿ ಬಹಳ. ಕೆಲಸ ಬಿಟ್ಟ ಮರುದಿನವೇ ಕೇಳುವ ಪ್ರಶ್ನೆ: ‘ಪಿಎಫ್ ದುಡ್ಡು ಯಾವಾಗ ಬರುತ್ತೆ?’ ಮಕ್ಕಳ ಫೀಸು, ಮನೆ ಅಡ್ವಾನ್ಸು, ಕೈಸಾಲ ಎಲ್ಲದಕ್ಕೂ ಅದೇ ಆಧಾರ. ಆದರೆ ಪೂರ್ತಿ ತೆಗೆದರೆ ಕೈ ತಪ್ಪುವುದೇನು ಅನ್ನೋದು ಹಲವರಿಗೆ ಗೊತ್ತಿಲ್ಲ.

ಬೀದಿಗಿಳಿದಿದ್ದ ಗಾರ್ಮೆಂಟ್ಸ್ ಮಹಿಳೆಯರು

ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಏಪ್ರಿಲ್ 18ರಂದು ಗಾರ್ಮೆಂಟ್ಸ್ ಮಹಿಳೆಯರು ಬೊಮ್ಮನಹಳ್ಳಿ ಬಳಿ ಹೊಸೂರು ರಸ್ತೆ ತಡೆದರು. ಮರುದಿನ ಪ್ರತಿಭಟನೆ ಪೀಣ್ಯ, ಜಾಲಹಳ್ಳಿ ಕ್ರಾಸ್‌ವರೆಗೂ ಹಬ್ಬಿತು. ಏಪ್ರಿಲ್ 19ರಂದೇ ಸರ್ಕಾರ ಅಧಿಸೂಚನೆ ವಾಪಸ್ ಪಡೆಯಿತು.

ಸಂಬಳದಿಂದ ಎಷ್ಟು ಹೋಗುತ್ತೆ?

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂ. ಇದ್ದರೆ:

* ಕಾರ್ಮಿಕರ ಪಾಲು ಶೇ 12: 1,680 ರೂ. (ಪೂರ್ತಿ ಪಿಎಫ್‌ಗೆ)
* ಮಾಲೀಕರ ಪಾಲು ಶೇ 12: ಇದರಲ್ಲಿ ಶೇ 8.33, ಅಂದರೆ ಸುಮಾರು 1,166 ರೂ. ಪಿಂಚಣಿ ನಿಧಿಗೆ, ಉಳಿದ 514 ರೂ. ಪಿಎಫ್‌ಗೆ

ಪಾಸ್‌ಬುಕ್‌ನಲ್ಲಿ ಪಿಂಚಣಿಯ ಹಣ ಬೇರೆ ಕಾಲಂನಲ್ಲಿರುತ್ತದೆ. ಅದಕ್ಕೆ ಬಡ್ಡಿ ಸೇರುವುದಿಲ್ಲ. ಪಿಎಫ್‌ಗೆ 2024-25ರಲ್ಲಿ ಶೇ 8.25 ಬಡ್ಡಿ ಸಿಕ್ಕಿದೆ.

ತೆಗೆದರೆ ನಷ್ಟ ಏನು?

ಒಟ್ಟು 10 ವರ್ಷ ಸೇವೆ ಆಗಿದ್ದರೆ 58ರಿಂದ ತಿಂಗಳ ಪಿಂಚಣಿ ಸಿಗುತ್ತದೆ. ಲೆಕ್ಕ ಸುಲಭ: ಸರಾಸರಿ ವೇತನವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. 14,000 ರೂ. ವೇತನ, 10 ವರ್ಷ ಸೇವೆ ಇದ್ದರೆ ತಿಂಗಳಿಗೆ 2,000 ರೂ. ನಾಲ್ಕು ವರ್ಷ ಒಂದು ಕಡೆ, ಆರು ವರ್ಷ ಇನ್ನೊಂದು ಕಡೆ ದುಡಿದರೂ ಸೇವೆ ಸೇರುತ್ತದೆ. ಆದರೆ ನಡುವೆ ಫಾರಂ 10ಸಿ ಹಾಕಿ ಪಿಂಚಣಿ ಹಣ ತೆಗೆದುಕೊಂಡರೆ ಹಿಂದಿನ ಸೇವೆ ಅಲ್ಲಿಗೇ ಮುಗಿಯಿತು. ಮತ್ತೆ ಒಂದರಿಂದ ಎಣಿಕೆ. ಅದೇ ಫಾರಂನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಸೇವೆ ಉಳಿಯುತ್ತದೆ.

ಐದು ವರ್ಷದೊಳಗೆ 50,000 ರೂ.ಗಿಂತ ಹೆಚ್ಚು ತೆಗೆದರೆ ಟಿಡಿಎಸ್ ಕೂಡ ಕಡಿತ ಆಗಬಹುದು. ಹಳೇ ಖಾತೆಯನ್ನು ಹೊಸ ಕಂಪನಿಗೆ ವರ್ಗಾಯಿಸಿದರೆ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ.

ಕಾಯುವ ಅವಧಿ

ಹಿಂದೆ ಎರಡು ತಿಂಗಳು ಕೆಲಸ ಇಲ್ಲದಿದ್ದರೆ ಪೂರ್ತಿ ಹಣ ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರಂದು ಪಿಎಫ್ ಕೇಂದ್ರ ಟ್ರಸ್ಟಿಗಳ ಮಂಡಳಿ ಇದನ್ನು 12 ತಿಂಗಳಿಗೆ, ಪಿಂಚಣಿ ಹಣಕ್ಕೆ 36 ತಿಂಗಳಿಗೆ ಏರಿಸಲು ತೀರ್ಮಾನಿಸಿತು. ಖಾತೆಯ ಶೇ 75ರಷ್ಟನ್ನು ಕೂಡಲೇ ತೆಗೆಯಲು ಅವಕಾಶ, ಶೇ 25 ಉಳಿಸಬೇಕು ಎಂಬುದೂ ಅದರಲ್ಲಿದೆ. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ಪಿಎಫ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಇವಿಷ್ಟು ಮಾಡಿಕೊಳ್ಳಿ

* ಹೊಸ ಕಡೆ ಸೇರುವಾಗ ಹಳೇ ಯುಎಎನ್ ನಂಬರನ್ನೇ ಕೊಡಿ. ಎರಡು ನಂಬರ್ ಆದರೆ ತಲೆನೋವು.
* ಆಧಾರ್, ಪ್ಯಾನ್, ಬ್ಯಾಂಕ್ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನ ಒಂದೇ ಇರಲಿ.
* ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ.
* ನಾಮಿನಿ ಸೇರಿಸಿ. ಕೆಲಸದಲ್ಲಿರುವಾಗ ಸಾವು ಸಂಭವಿಸಿದರೆ ಕುಟುಂಬಕ್ಕೆ 7 ಲಕ್ಷ ರೂ.ವರೆಗೆ ವಿಮೆ ಇದೆ.
* ಬ್ಯಾಲೆನ್ಸ್ ತಿಳಿಯಲು ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ.

ಅಂಗಡಿ, ವರ್ಕ್‌ಶಾಪ್ ಮಾಲೀಕರಿಗೆ

20 ಅಥವಾ ಹೆಚ್ಚು ಕೆಲಸಗಾರರಿದ್ದರೆ ಪಿಎಫ್ ಕಡ್ಡಾಯ. ಕಡಿಮೆ ಇದ್ದರೂ ಸ್ವಇಚ್ಛೆಯಿಂದ ಸೇರಬಹುದು. ಪ್ರತಿ ತಿಂಗಳ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದಲ್ಲಿ ಹಿಡಿದು ಕಟ್ಟದೇ ಇದ್ದರೆ ಬಡ್ಡಿ, ದಂಡದ ಜತೆಗೆ ಕ್ರಿಮಿನಲ್ ಕೇಸನ್ನೂ ಎದುರಿಸಬೇಕಾದೀತು. ಪಾಸ್‌ಬುಕ್‌ನಲ್ಲಿ ಹಣ ಕಾಣದಿದ್ದರೆ ಕಾರ್ಮಿಕರು ಪೇ ಸ್ಲಿಪ್ ಹಿಡಿದು ಪಿಎಫ್ ಕಚೇರಿಗೆ ದೂರು ಕೊಡಬಹುದು.